ಪ್ರಶ್ನೆ: ಪುಣೆಯಿಂದ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ರೇಸ್ ಟ್ರ್ಯಾಕ್‌ಗೆ ಕಾರು ಓಡಿಸಲು ಹೊರಟಿದ್ದೇನೆ, ಗಾಜಿಗೆ ಅಂಟಿಸಿರುವ ಡ್ಯಾಶ್‌ಕ್ಯಾಮ್ (ಕಾರಿನೊಳಗಿನ ಕ್ಯಾಮೆರಾ) ವಿಡಿಯೊ ಅಲುಗುತ್ತದೆ, ಯಾವ ಕ್ಯಾಮೆರಾ ಕೊಳ್ಳಲಿ?

ಉತ್ತರ: ಕಾರಣ ಬಹುಶಃ ಕ್ಯಾಮೆರಾ ಅಲ್ಲ, ಅದನ್ನು ಗಾಜಿಗೆ ಹಿಡಿದಿಡುವ ಉದ್ದ ತೋಳಿನ ಸಕ್ಷನ್ ಮೌಂಟ್ (ರಬ್ಬರ್ ಬಟ್ಟಲಿನಿಂದ ಅಂಟುವ ಹಿಡಿಕೆ). ಕ್ಯಾಮೆರಾದ ಒಳಗೆ ಚಿತ್ರ ಹಿಡಿಯುವ ಸೆನ್ಸರ್ ಚಿತ್ರವನ್ನು ಸಾಲುಸಾಲಾಗಿ ಓದುತ್ತದೆ. ಆ ಕ್ಷಣದಲ್ಲಿ ಮೌಂಟ್ ನಡುಗಿದರೆ ನೇರ ಗೆರೆಗಳೂ ಜೆಲ್ಲಿಯಂತೆ ಬಳುಕುತ್ತವೆ. ದುಬಾರಿ ಕ್ಯಾಮೆರಾ ತಂದು ಅದೇ ಮೌಂಟಿಗೆ ಹಾಕಿದರೂ ಅದೇ ಕಥೆ.

ಮೊದಲು ಮೌಂಟ್ ಬದಲಿಸಿ. ಮುಂದಿನ ಸೀಟುಗಳ ಹೆಡ್‌ರೆಸ್ಟ್ ಕಂಬಿಗಳಿಗೆ ಬಿಗಿಯುವ ಲೋಹದ ಪಟ್ಟಿ ಹಾಕಿ, ಕ್ಯಾಮೆರಾವನ್ನು ನಡುವೆ ಕೂರಿಸಿ. ತೋಳು ಆದಷ್ಟು ಗಿಡ್ಡವಿರಲಿ. ಸ್ಟೀರಿಂಗ್, ನಿಮ್ಮ ಕೈ, ಮುಂದಿನ ತಿರುವು ಮೂರೂ ಕಾಣುತ್ತವೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಕೋನ ಇಲ್ಲ. ಜೊತೆಗೆ ಗಟ್ಟಿ ದಾರದಿಂದ ಇನ್ನೊಂದು ಕಟ್ಟು ಹಾಕಲೇಬೇಕು. ಜೋರಾಗಿ ಬ್ರೇಕ್ ಹಾಕಿದಾಗ ಕ್ಯಾಮೆರಾ ಕಳಚಿ ಪೆಡಲ್ ಕೆಳಗೆ ಉರುಳಿದರೆ ಪ್ರಾಣಕ್ಕೇ ಅಪಾಯ, ದಯವಿಟ್ಟು ಇದನ್ನು ಬಿಡಬೇಡಿ.

ಆಮೇಲೆ ಪುಣೆಯ ಹಿಂಜವಡಿ ಕಡೆಯ ರಸ್ತೆ ಹಂಪುಗಳ ಮೇಲೆ ಒಂದು ಸುತ್ತು ಹೋಗಿಬಂದು ವಿಡಿಯೊ ನೋಡಿ. ನಿಮ್ಮ ಕಾರು ನೋಡದೆ ಖಚಿತ ಹೇಳಲಾರೆ, ಆದರೆ ಹೆಚ್ಚಿನ ಅಲುಗಾಟ ಇಲ್ಲಿಗೇ ನಿಲ್ಲಬೇಕು.

ನಿಲ್ಲದಿದ್ದರೆ ಆಕ್ಷನ್ ಕ್ಯಾಮೆರಾ (ಓಟ, ಸಾಹಸ ಚಿತ್ರಿಸಲೆಂದೇ ಮಾಡಿದ ಪುಟ್ಟ ಗಟ್ಟಿ ಕ್ಯಾಮೆರಾ) ಕೊಳ್ಳಿ. ವಿಡಿಯೊ ಸ್ಪಷ್ಟತೆ 1080ಪಿ, ಸೆಕೆಂಡಿಗೆ 60 ಫ್ರೇಮ್ (ಚಿತ್ರ) ಸಾಕು. ಅದಕ್ಕಿಂತ ಹೆಚ್ಚು ಸ್ಪಷ್ಟತೆಯ 4ಕೆ ಇಟ್ಟರೆ ಬಿಸಿಲಲ್ಲಿ ಬೇಗ ಕಾದು ಆಫ್ ಆಗಬಹುದು. ವೈರ್‌ನಿಂದ ಕರೆಂಟ್ ಕೊಡುತ್ತಲೇ ರೆಕಾರ್ಡ್ ಆಗುತ್ತದೆಯೇ, ಹೊರಗಿನ ಮೈಕ್ ಹಾಕಬಹುದೇ ಎಂದು ಅಂಗಡಿಯಲ್ಲೇ ಕೇಳಿ. ಮೆಮೊರಿ ಕಾರ್ಡ್ ಮೇಲೆ ವಿ30 ಎಂಬ ವೇಗದ ಗುರುತು ಇರಲಿ. ಸ್ಟೆಬಿಲೈಸೇಷನ್ (ಅಲುಗಾಟವನ್ನು ಕ್ಯಾಮೆರಾವೇ ತಗ್ಗಿಸುವ ಸೌಲಭ್ಯ) ಆಫ್ ಮಾಡಿ: ಆನ್ ಇದ್ದರೆ ಅದು ಹೊರಗಿನ ರಸ್ತೆಯನ್ನು ಸ್ಥಿರವಾಗಿ ಹಿಡಿಯಲು ಹೋಗಿ, ತಿರುವಿನಲ್ಲಿ ಕಾರಿನ ಒಳಭಾಗವೇ ತೂಗಾಡುತ್ತದೆ.

ಹೊರಡುವ ಮುಂಚೆ ಮೌಂಟಿನ ಫೋಟೋ ಟ್ರ್ಯಾಕ್ ಕಾರ್ಯಕ್ರಮದ ಆಯೋಜಕರಿಗೆ ಕಳಿಸಿ ಒಪ್ಪಿಗೆ ಪಡೆದುಕೊಳ್ಳಿ.