ನಿಮ್ಮ ‘ಛೀ’ ತೆಗೆದು ಮತ್ತೆ ಕಳಿಸಿ

ನಮಸ್ಕಾರ. ನೀವು ಕಳಿಸಿದ ‘ಮಲ ತಿನ್ನುವ ವಿಚಿತ್ರ ಪ್ರಾಣಿಗಳು’ ಲೇಖನ ಓದಿದೆ. ವಿಷಯ ಚೆನ್ನಾಗಿದೆ. ಆದರೆ ಈಗಿರುವ ರೂಪದಲ್ಲಿ ಹಾಕಲಾರೆ. ಯಾಕೆ ಅಂತ ನೇರವಾಗಿ ಹೇಳಿಬಿಡುತ್ತೇನೆ.

ಮೊದಲ ಪುಟದಲ್ಲೇ ಆರು ಸಲ ‘ಅಸಹ್ಯ’ ಎಂದಿದ್ದೀರಿ. ಮೂಗು ಮುಚ್ಚಿಕೊಳ್ಳಬೇಕಾದವರು ಓದುಗರು. ಅವರಿಗಿಂತ ಮುಂಚೆ ನೀವೇ ಮುಚ್ಚಿಕೊಂಡರೆ ಹೇಗೆ? ಇನ್ನೊಂದು, ಎಲ್ಲದಕ್ಕೂ ‘ಮಲ’. ಹಸು ಹಾಕಿದ್ದು ಸಗಣಿ, ಆನೆಯದು ಲದ್ದಿ, ಮೊಲದ್ದು ಹಿಕ್ಕೆ. ಇಷ್ಟು ಪದ ಕೈಯಲ್ಲಿದ್ದೂ ಒಂದಕ್ಕೇ ಜೋತುಬಿದ್ದಿದ್ದೀರಿ.

ದೊಡ್ಡ ತಪ್ಪು ಮೊಲದ ಭಾಗದಲ್ಲಿದೆ. ‘ಮೇವು ಸಾಲದೆ ಹಿಕ್ಕೆ ತಿನ್ನುತ್ತದೆ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಹಾಗಲ್ಲ. ಹೊಟ್ಟೆ ತುಂಬಿದ, ಗಟ್ಟಿಮುಟ್ಟಾದ ಮೊಲವೂ ದಿನಾ ತಿನ್ನುತ್ತದೆ. ಹಸುವಿಗೆ ಹುಲ್ಲು ಹುದುಗುವ ಚೀಲ ಸಣ್ಣ ಕರುಳಿಗಿಂತ ಮೊದಲೇ ಇದೆ. ಮೆಲುಕು ಹಾಕಿ, ನುಣ್ಣಗೆ ಮಾಡಿ, ಆಮೇಲೆ ಕರುಳಿಗೆ ಕಳಿಸಿ ಸಾರ ಹೀರಿಕೊಳ್ಳುತ್ತದೆ. ಮೊಲಕ್ಕೆ ಆ ಚೀಲ ಇರುವುದು ಸಣ್ಣ ಕರುಳು ದಾಟಿದ ಮೇಲೆ. ಅಲ್ಲಿ ಬ್ಯಾಕ್ಟೀರಿಯಾ ತಯಾರಿಸಿದ ಬಿ ವಿಟಮಿನ್, ಪ್ರೋಟೀನ್ ಬಹುಪಾಲು ಹಾಗೇ ಹೊರಗೆ ಹೋಗುತ್ತದೆ. ಅದಕ್ಕೇ ಎರಡನೇ ಪಂಕ್ತಿ. ಅದೂ ನಾವು ನೋಡುವ ಒಣ ಗುಂಡು ಹಿಕ್ಕೆಯಲ್ಲ. ಪುಟ್ಟ ದ್ರಾಕ್ಷಿ ಗೊಂಚಲಿನ ಹಾಗೆ ಅಂಟಿಕೊಂಡ, ಲೋಳೆ ಮೆತ್ತಿದ, ಮೆತ್ತಗಿನ ಉಂಡೆಗಳು. ನೆಲಕ್ಕೆ ಬೀಳುವ ಮುಂಚೆಯೇ ಬಾಯಿ ಹಾಕಿ, ಅಗಿಯದೆ ನುಂಗಿಬಿಡುತ್ತದೆ. ಒಂಥರಾ ಮೊಲದ ಮೆಲುಕು ಇದು, ಅಲ್ವಾ? ಲೇಖನ ಇಲ್ಲಿಂದಲೇ ಶುರುವಾಗಬೇಕು.

ಆನೆಮರಿ ತಾಯಿಯ ಲದ್ದಿ ತಿನ್ನುವುದನ್ನು ‘ಬುದ್ಧಿ ಬಾರದ ವಯಸ್ಸಿನ ಚೇಷ್ಟೆ’ ಎಂದಿದ್ದೀರಿ. ನಾರು ಅರಗಿಸುವ ಸೂಕ್ಷ್ಮಜೀವಿಗಳು ಆಗಷ್ಟೇ ಹುಟ್ಟಿದ ಮರಿಯ ಹೊಟ್ಟೆಯಲ್ಲಿ ಇರುವುದಿಲ್ಲ. ಲದ್ದಿಯ ಜೊತೆ ಅವು ಒಳಗೆ ಸೇರುತ್ತವೆ, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಆಸ್ಟ್ರೇಲಿಯಾದ ಕೋಲಾ ಮರಿಗೂ ನೀಲಗಿರಿ ಎಲೆ ತಿನ್ನುವ ಮುಂಚೆ ಅಮ್ಮನೇ ಇಂಥ ಹೆಪ್ಪು ಕೊಡುತ್ತಾಳೆ.

ಸಗಣಿ ಹುಳುವಿನ ಭಾಗ ಬಿಟ್ಟುಬಿಡಿ, ಅದು ಬೇರೆಯೇ ಲೇಖನ. ಕೊನೆಯ ‘ಸ್ವಚ್ಛತೆಯ ಪಾಠ’ ಸುಮ್ನೆ ಜಾಗ ತಿಂದಿದೆ, ಅದನ್ನೂ ತೆಗೆಯಿರಿ.

ಮನೆಯಲ್ಲಿ ಎರಡು ಮೊಲ ಸಾಕಿದ್ದೇನೆ ಎಂದು ಪತ್ರದಲ್ಲಿ ಬರೆದಿದ್ದೀರಿ. ಲೇಖನದಲ್ಲಿ ಅವು ಎಲ್ಲೂ ಇಲ್ಲವಲ್ಲ! ಅವು ಆರಾಮಾಗಿ ಕೂತಿರುವ ಹೊತ್ತಲ್ಲಿ ಗೂಡಿನ ಪಕ್ಕ ನೀವೂ ಕೂತು ನೋಡಿ. ತಲೆ ಬಗ್ಗಿಸಿ ಹಿಂಗಾಲ ನಡುವೆ ಬಾಯಿ ಹಾಕಿದಾಗ ಕಂಡದ್ದನ್ನು ಕಂಡ ಹಾಗೆ ಬರೆದು, 500 ಪದದೊಳಗೆ ಕಳಿಸಿ.