ಅಲಾರ್ಮಿನ ಬಾಯಿ ಕಟ್ಟಿದ್ದು ಯಾವಾಗ, ಬಿಚ್ಚಿದ್ದು ಯಾವಾಗ?

ಮಾನ್ಯರೇ,

ನಿಮ್ಮ ಪತ್ರ ಆರು ಪುಟವಿದೆ. ಪೂರ್ತಿ ಅಚ್ಚು ಹಾಕಲು ಜಾಗವಿಲ್ಲ. ಉಳಿದ ಓದುಗರಿಗಾಗಿ ಸಾರವನ್ನಷ್ಟೇ ಕೊಡುತ್ತೇವೆ: ತುಮಕೂರಿನವರಾದ ನೀವು ಕ್ಯಾಲಿಫೋರ್ನಿಯಾದ ಮಿಲ್ಪಿಟಾಸ್‌ನಲ್ಲಿ ಮಗಳ ಮನೆಗೆ ಹೋಗಿದ್ದಾಗ ಅದೇ ರಾಜ್ಯದ ಸ್ಯಾನ್ ಬ್ರೂನೊದಲ್ಲಿ 2010ರಲ್ಲಿ ನಡೆದ ಗ್ಯಾಸ್ ಪೈಪ್‌ಲೈನ್ ಸ್ಫೋಟದ ಕುರಿತ ನಮ್ಮ ಲೇಖನ ಓದಿದ್ದೀರಿ. "ತಪ್ಪೆಲ್ಲ ಬೆಸುಗೆಯದು ಎಂದು ಬರೆದು ಕೈತೊಳೆದುಕೊಂಡಿದ್ದೀರಿ. ಗ್ಯಾಸ್ 95 ನಿಮಿಷ ಉರಿಯುತ್ತಿದ್ದಾಗ ಕಂಟ್ರೋಲ್ ರೂಮಿನವರು ಏನು ಮಾಡುತ್ತಿದ್ದರು? ಅವರ ಕಾರ್ಯವಿಧಾನ ಸರಿಯಿದೆಯೇ ಎಂದು ನೋಡುವವರು ಯಾರು, ಹೇಗೆ? ನಮ್ಮ ಜಿಲ್ಲೆಯಲ್ಲೂ ದಾಭೋಲ್-ಬೆಂಗಳೂರು ಗ್ಯಾಸ್ ಲೈನು ಹಾದುಹೋಗಿದೆಯಲ್ಲ, ಇಲ್ಲಿ ಕೇಳುವವರಿದ್ದಾರೆಯೇ?" ಎಂದು ಕೇಳಿದ್ದೀರಿ.

ಲೇಖನ ಬೆಸುಗೆಯಲ್ಲೇ ನಿಂತುಬಿಟ್ಟದ್ದು ನಿಜ, ಒಪ್ಪಿದೆವು. ಬೆಸುಗೆ ಕೆಟ್ಟದ್ದೇ. ಆದರೆ ಅದು 1956ರಿಂದಲೂ ಕೆಟ್ಟೇ ಇತ್ತು. 2010ರ ಸೆಪ್ಟೆಂಬರ್ 9ರ ಸಂಜೆಯೇ ಏಕೆ ಬಿಟ್ಟುಕೊಂಡಿತು ಎಂಬುದಕ್ಕೆ ಉತ್ತರ ಸಿಗುವುದು ನಿಮ್ಮ ಮಗಳ ಊರಿನಲ್ಲೇ. ಆ ಪೈಪ್‌ಲೈನಿನ ಒಡೆಯರಾದ ಪಿಜಿ ಅಂಡ್ ಇ ಕಂಪನಿಯ ಮಿಲ್ಪಿಟಾಸ್ ಟರ್ಮಿನಲ್‌ನಲ್ಲಿ ಅಂದು ಯುಪಿಎಸ್ ಬದಲಿಸುವ ಕೆಲಸ ನಡೆದಿತ್ತು. ಒತ್ತಡ ಅಳೆಯುವ ಟ್ರಾನ್ಸ್‌ಮಿಟರ್‌ಗಳಿಗೆ 24 ವೋಲ್ಟ್ ಕೊಡುವ ಪವರ್ ಸಪ್ಲೈ ಏರುಪೇರಾಯಿತು. ಟ್ರಾನ್ಸ್‌ಮಿಟರ್‌ಗಳು "ಒತ್ತಡ ಬಿದ್ದುಹೋಗಿದೆ" ಎಂದು ಸುಳ್ಳು ಸುದ್ದಿ ಕೊಟ್ಟವು. ಅದನ್ನು ನಂಬಿದ ರೆಗ್ಯುಲೇಟಿಂಗ್ (ಒತ್ತಡ ಹದದಲ್ಲಿಡುವ) ವಾಲ್ವ್‌ಗಳು ಪೂರ್ತಿ ತೆರೆದುಕೊಂಡವು. ಅವುಗಳ ಬೆನ್ನಿಗೆ ಕಾವಲಿದ್ದ ಮಾನಿಟರ್ ವಾಲ್ವ್‌ಗಳು ಒತ್ತಡ ತಮ್ಮ ಸೆಟ್ ಪಾಯಿಂಟ್‌ಗೆ, ಅಂದರೆ ಮೊದಲೇ ಗೊತ್ತುಮಾಡಿದ ಅಂಕಿಗೆ, ಬಂದಾಗ ಹಿಡಿದು ನಿಲ್ಲಿಸಿದವು ಎಂಬುದೊಂದೇ ಸಮಾಧಾನ. ಸ್ಯಾನ್ ಬ್ರೂನೊದಲ್ಲಿ ಪೈಪು ಒಡೆದಾಗ ಒತ್ತಡ ಸುಮಾರು 386 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ಕಂಪನಿಯೇ ಹಾಕಿಕೊಂಡಿದ್ದ ಗರಿಷ್ಠ ಮಿತಿ 400. ಅಂದರೆ ಮಿತಿಯೊಳಗೇ ಒಡೆಯಿತು. ಅಷ್ಟರ ಮಟ್ಟಿಗೆ ನಮ್ಮ ಲೇಖನ ತಪ್ಪಲ್ಲ.

ಈಗ ಕಂಟ್ರೋಲ್ ರೂಮಿಗೆ ಬರೋಣ. ಸಂಜೆ 5:22ಕ್ಕೆ ಸ್ಯಾನ್ ಫ್ರಾನ್ಸಿಸ್ಕೊದ ಸ್ಕಾಡಾ (ದೂರದ ಉಪಕರಣಗಳನ್ನು ನೋಡುವ, ನಡೆಸುವ ಕಂಪ್ಯೂಟರ್ ವ್ಯವಸ್ಥೆ) ಪರದೆಯ ಮೇಲೆ ಕೆಲವೇ ಸೆಕೆಂಡುಗಳಲ್ಲಿ 60ಕ್ಕೂ ಹೆಚ್ಚು ಅಲಾರ್ಮ್ ಬಂದವು. ಅಲಾರ್ಮ್ ನಿರ್ವಹಣೆಯ ಮಾನದಂಡದಂತೆ ಒಬ್ಬ ಕಂಟ್ರೋಲರ್ ಗಾಬರಿಯಿಲ್ಲದೆ ಗಮನ ಕೊಡಬಲ್ಲದ್ದು ದಿನಕ್ಕೆ ಸುಮಾರು 150, ಅಂದರೆ ಹತ್ತು ನಿಮಿಷಕ್ಕೊಂದು. ಹತ್ತು ನಿಮಿಷದಲ್ಲಿ ಹತ್ತು ದಾಟಿದರೆ ಅದಕ್ಕೆ 'ಅಲಾರ್ಮ್ ಪ್ರವಾಹ' ಎಂದೇ ಹೆಸರು. 60 ಒಟ್ಟಿಗೆ ಬಂದಾಗ ಯಾವುದು ಬೆಂಕಿ, ಯಾವುದು ಬರೀ ಹೊಗೆ ಎಂದು ಆರಿಸುವುದು ಮನುಷ್ಯನ ಕೈಲಾಗದ ಕೆಲಸ. ಕೆಲಸಕ್ಕೆ ಮುನ್ನ ಕೊಡುವ ಕ್ಲಿಯರೆನ್ಸ್ ಫಾರಂನಲ್ಲಿ ಯಾವ ಸರ್ಕ್ಯೂಟ್ ಯಾವಾಗ ಕಡಿಯುತ್ತೇವೆ, ಆಗ ಪರದೆಯ ಮೇಲೆ ಏನು ಕಾಣಬಹುದು, ಕೆಟ್ಟರೆ ಹಿಂದಕ್ಕೆ ಹೋಗುವ ದಾರಿ ಯಾವುದು ಎಂಬ ವಿವರ ಇರಬೇಕಿತ್ತು. ಇರಲಿಲ್ಲ.

6:11ಕ್ಕೆ ಪೈಪು ಒಡೆಯಿತು. 6:15ರ ಹೊತ್ತಿಗೆ ಅದೇ ಲೈನಿನ ಮಾರ್ಟಿನ್ ಸ್ಟೇಷನ್‌ನಿಂದ ಒತ್ತಡ ತೀರಾ ಕುಸಿದಿದೆ ಎಂಬ ಅಲಾರ್ಮ್ ಬಂದಿತ್ತು. ಆದರೂ ಅಂದಿನ ರಾತ್ರಿಗೆ ಯಜಮಾನರು ಯಾರೆಂಬುದೇ ಗೊತ್ತಿರಲಿಲ್ಲ. ಸ್ಕಾಡಾದವರು ಒಬ್ಬರಿಗೆ, ಸಿಬ್ಬಂದಿಯನ್ನು ಸ್ಥಳಕ್ಕೆ ಕಳಿಸುವ ಡಿಸ್ಪ್ಯಾಚ್‌ನವರು ಇನ್ನೊಬ್ಬರಿಗೆ ಫೋನ್ ಹಚ್ಚುತ್ತಿದ್ದರು. ಆ ಭಾಗ ಕಡಿಯಬೇಕಾದ ವಾಲ್ವ್‌ಗಳು ಕೈಯಲ್ಲಿ ತಿರುಗಿಸುವಂಥವು. ಮೆಕ್ಯಾನಿಕ್‌ಗಳು ಗಾಡಿ ಹತ್ತಿ ಹೋಗಬೇಕು. ಗ್ಯಾಸ್ ಬರುವ ಕಡೆಯ ವಾಲ್ವ್ ಮುಚ್ಚಿದ್ದು 7:30ಕ್ಕೆ, ಮುಂದೆ ಹೋಗುವ ಕಡೆಯದು 7:46ಕ್ಕೆ. ನೀವು ಕೇಳಿದ 95 ನಿಮಿಷ ಇದೇ. 8 ಜನ ಸತ್ತರು, 38 ಮನೆ ನೆಲಸಮವಾದವು. ಕಂಟ್ರೋಲರ್‌ಗಳು ನಿದ್ದೆ ಮಾಡುತ್ತಿರಲಿಲ್ಲ. ಇಂಥ ಹೊತ್ತಿನಲ್ಲಿ ಯಾರು ಆದೇಶ ಕೊಡಬೇಕೆಂದು ಬರೆದಿಟ್ಟ ಕಾರ್ಯವಿಧಾನ ಅವರ ಮೇಜಿನ ಮೇಲೆ ಇರಲಿಲ್ಲ. ಅಪಘಾತದ ತನಿಖೆ ನಡೆಸಿದ ಎನ್‌ಟಿಎಸ್‌ಬಿ (ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ) ಹೇಳಿದ್ದೂ ಇದನ್ನೇ.

ವಿಚಿತ್ರವೆಂದರೆ, ಬರೆದಿಡಬೇಕು ಎಂಬ ಕಾನೂನು ಆಗಲೇ ಇತ್ತು. ಅಮೆರಿಕದ ಪೈಪ್‌ಲೈನ್ ನಿಯಂತ್ರಕ ಸಂಸ್ಥೆ ಫಿಮ್ಸಾ 2009ರ ಡಿಸೆಂಬರ್‌ನಲ್ಲಿ ಕಂಟ್ರೋಲ್ ರೂಮ್ ನಿರ್ವಹಣೆಯ ನಿಯಮ ಪ್ರಕಟಿಸಿತು. 2010ರ ಫೆಬ್ರವರಿ 1ರಿಂದ ಅದು ಜಾರಿಗೂ ಬಂತು. ಆದರೆ ಕಂಪನಿಗಳು ಕಾರ್ಯವಿಧಾನ ಬರೆದು ಮುಗಿಸಲು 2011ರ ಆಗಸ್ಟ್‌ವರೆಗೆ, ಆಚರಣೆಗೆ ತರಲು 2013ರ ಫೆಬ್ರವರಿವರೆಗೆ ಗಡುವು. ಸ್ಯಾನ್ ಬ್ರೂನೊ ಉರಿದಾಗ ನಿಯಮ ಪುಸ್ತಕದಲ್ಲಿತ್ತು, ಮೇಜಿಗೆ ಬಂದಿರಲಿಲ್ಲ. ಆಮೇಲೆ ಆಚರಣೆಯ ಗಡುವನ್ನು ಇನ್ನೂ ಬೇಗಕ್ಕೆ ತಂದರು: ಹೆಚ್ಚಿನವು 2011ರ ಅಕ್ಟೋಬರ್‌ಗೆ, ಉಳಿದವು 2012ರ ಆಗಸ್ಟ್‌ಗೆ.

ಇನ್ನು ತಪಾಸಣೆ ಹೇಗೆ ಎಂಬ ನಿಮ್ಮ ಪ್ರಶ್ನೆ. ಇನ್‌ಸ್ಪೆಕ್ಟರ್ ಬಂದಾಗ ಕಂಪನಿಯವರು ಮೊದಲು ತೋರಿಸುವುದು ದಪ್ಪನೆಯ ಫೈಲು. ಅದರಲ್ಲಿ ಎಲ್ಲ ಚೆನ್ನಾಗಿಯೇ ಇರುತ್ತದೆ. ನಮ್ಮ ಅಭಿಪ್ರಾಯ ಕೇಳುವುದಾದರೆ ಆ ಫೈಲು ಬದಿಗಿಟ್ಟು ಒಂದೇ ಒಂದು ಹಾಳೆ ಕೇಳಬೇಕು. ನಿಯಮದಂತೆ ಕಂಪನಿ ಪ್ರತಿ ತಿಂಗಳೂ ಒಂದು ಪಟ್ಟಿ ಮಾಡಬೇಕು: ಸುರಕ್ಷತೆಗೆ ಸಂಬಂಧಿಸಿದ ಯಾವ ಪಾಯಿಂಟ್‌ಗಳನ್ನು (ಅಳತೆ ಬರುವ ಜಾಗಗಳನ್ನು) ಸ್ಕ್ಯಾನ್‌ನಿಂದ, ಅಂದರೆ ಸ್ಕಾಡಾ ಓದುವ ಸಾಲಿನಿಂದ, ತೆಗೆದಿದ್ದೇವೆ, ಯಾವ ಅಲಾರ್ಮ್‌ಗಳನ್ನು ತಡೆಹಿಡಿದಿದ್ದೇವೆ, ಯಾವುವು ಸುಳ್ಳು ಅಲಾರ್ಮ್ ಕೊಟ್ಟವು, ಯಾವುದಕ್ಕೆ ಕೈಯಿಂದ ಅಂಕಿ ತುಂಬಿಸಿದ ಸ್ಥಿತಿ ಬೇಕಾದ್ದಕ್ಕಿಂತ ಹೆಚ್ಚು ಕಾಲ ಉಳಿಯಿತು.

ಕೈಯಿಂದ ಅಂಕಿ ತುಂಬಿಸುವುದು ಎಂದರೇನು? ಸ್ಟೇಷನ್ನಿನಲ್ಲಿ ಟ್ರಾನ್ಸ್‌ಮಿಟರ್ ರಿಪೇರಿಗಿದೆ ಎಂದಿಟ್ಟುಕೊಳ್ಳಿ. ಅದು ಬಿಚ್ಚಿದಾಗ ಸೊನ್ನೆ ತೋರಿಸಿ ಅಲಾರ್ಮ್ ಬಡಿದುಕೊಳ್ಳುತ್ತದೆ. ಟೆಕ್ನಿಷಿಯನ್ ಫೋನ್ ಮಾಡಿ "ಸ್ವಲ್ಪ ಹೊತ್ತು 350ಕ್ಕೆ ಫೋರ್ಸ್ ಮಾಡಿ ಇಡಿ" ಎನ್ನುತ್ತಾನೆ. ಕಂಟ್ರೋಲರ್ 350 ಎಂದು ಟೈಪ್ ಮಾಡುತ್ತಾನೆ. ರಿಪೇರಿ ಮುಗಿಯುತ್ತದೆ, ಶಿಫ್ಟ್ ಬದಲಾಗುತ್ತದೆ, ಬಿಡಿಸಲು ಮರೆಯುತ್ತಾರೆ. ಆಮೇಲೆ ಪೈಪು ಒಡೆದು ಒತ್ತಡ 50ಕ್ಕೆ ಇಳಿದರೂ ಪರದೆಯ ಮೇಲೆ 350 ಹಾಗೇ ಕೂತಿರುತ್ತದೆ. ಅದರ ಬಣ್ಣ ಬೇರೆಯಿರಬೇಕು, ಪಕ್ಕದಲ್ಲೊಂದು ಗುರುತಿರಬೇಕು. ಅದೂ ಇಲ್ಲದಿದ್ದರೆ ಮುಂದಿನ ಶಿಫ್ಟಿನವನಿಗೆ ಅದು ಜೀವಂತ ಅಂಕಿಯೇ.

ಆದ್ದರಿಂದ ಚುರುಕಾದ ಇನ್‌ಸ್ಪೆಕ್ಟರ್ ಪಟ್ಟಿಯಿದೆಯೇ ಎಂದು ಟಿಕ್ ಹಾಕಿ ಹೋಗುವುದಿಲ್ಲ. ಅಲಾರ್ಮಿನ ಬಾಯಿ ಕಟ್ಟಿದ್ದು ಯಾವಾಗ, ಯಾರು ಕೇಳಿದ್ದು, ಬಿಚ್ಚಿದ್ದು ಯಾವಾಗ ಎಂದು ನೋಡುತ್ತಾನೆ. ಆ ತಾರೀಖುಗಳನ್ನು ಸ್ಟೇಷನ್ನಿನ ರಿಪೇರಿ ಪುಸ್ತಕದ ಜೊತೆ ತಾಳೆ ಹಾಕುತ್ತಾನೆ. ಒಂದೇ ಪಾಯಿಂಟ್ ಸಾಲಾಗಿ ಮೂರು ತಿಂಗಳ ಪಟ್ಟಿಯಲ್ಲಿದ್ದರೆ ಅಲ್ಲಿ ಉಪಕರಣ ಕೆಟ್ಟಿದೆ, ದುಡ್ಡು ಬಿಡುಗಡೆಯಾಗಿಲ್ಲ. ಪಟ್ಟಿ ಪ್ರತಿ ತಿಂಗಳೂ ಖಾಲಿಯಿದ್ದರೆ ಇನ್ನೂ ಹೆಚ್ಚು ಅನುಮಾನ ಪಡಬೇಕು. ಯಾವ ಉಪಕರಣವೂ ಕೆಡದ ಪೈಪ್‌ಲೈನ್ ಭೂಮಿಯ ಮೇಲಿಲ್ಲ.

ಇದರ ಜೋಡಿ ಪರೀಕ್ಷೆ ಪಾಯಿಂಟ್-ಟು-ಪಾಯಿಂಟ್: ಉಪಕರಣ ಕಳಿಸಿದ್ದೇ ಪರದೆಗೆ ಬರುತ್ತದೆಯೇ ಎಂಬ ತಾಳೆ. ಸುರಕ್ಷತೆಗೆ ಸಂಬಂಧಿಸಿದ ಉಪಕರಣ ಸೇರಿಸಿದಾಗ, ಸ್ಥಳ ಬದಲಿಸಿದಾಗ, ಪರದೆಯ ಚಿತ್ರ ಬದಲಿಸಿದಾಗ ಮಾಡಲೇಬೇಕು. ಟ್ರಾನ್ಸ್‌ಮಿಟರ್ 4ರಿಂದ 20 ಮಿಲಿಆಂಪಿಯರ್ ಕಳಿಸುತ್ತದೆ. ಅದರ ವ್ಯಾಪ್ತಿ 0ರಿಂದ 1000 ಪಿಎಸ್‌ಐ ಆದರೆ ಸೈಟಿನಲ್ಲಿ 12 ಮಿಲಿಆಂಪಿಯರ್ ಕೊಟ್ಟಾಗ ಪರದೆಯಲ್ಲಿ 500 ಕಾಣಬೇಕು, ಸರಿಯಾದ ಸ್ಟೇಷನ್ನಿನ ಸರಿಯಾದ ಚೌಕದಲ್ಲಿ ಕಾಣಬೇಕು, ಮಿತಿ ದಾಟಿಸಿದಾಗ ಅಲಾರ್ಮ್ ಕೂಗಬೇಕು. ಕೆಡುವುದು ಹೀಗೆ: ಮೊದಲು 600ರ ಟ್ರಾನ್ಸ್‌ಮಿಟರ್ ಇತ್ತು, ಅದು ಸುಟ್ಟುಹೋಗಿ ಸ್ಟೋರಿನಲ್ಲಿದ್ದ 1000ದ್ದನ್ನು ಕೂರಿಸಿದರು, ಸ್ಕಾಡಾದಲ್ಲಿ ಸ್ಕೇಲ್ ಬದಲಿಸಲಿಲ್ಲ. ಈಗ ನಿಜವಾದ 500 ಪರದೆಯ ಮೇಲೆ 300. ಕಂಟ್ರೋಲರ್ ಒತ್ತಡ ಕಡಿಮೆಯಿದೆ ಎಂದು ಏರಿಸುತ್ತಾ ಹೋಗುತ್ತಾನೆ. ಅಲಾರ್ಮ್ ಸೆಟ್ ಪಾಯಿಂಟ್‌ಗಳನ್ನು ವರ್ಷಕ್ಕೊಮ್ಮೆ, 15 ತಿಂಗಳು ಮೀರದಂತೆ, ಪರಿಶೀಲಿಸಬೇಕೆಂಬ ನಿಯಮವೂ ಇದೆ. ಬ್ಯಾಕಪ್ ಸ್ಕಾಡಾ ಪರೀಕ್ಷೆಗೂ ಅದೇ ಲೆಕ್ಕ.

ನಿದ್ದೆಯ ವಿಷಯಕ್ಕೂ ಕಾನೂನಿದೆ ಎಂದರೆ ನಿಮಗೆ ಆಶ್ಚರ್ಯವಾದೀತು. ಎರಡು ಪಾಳಿಗಳ ನಡುವೆ ಕಂಟ್ರೋಲರ್‌ಗೆ ಸತತ 8 ಗಂಟೆ ನಿದ್ದೆ ಸಿಗುವಷ್ಟು ಬಿಡುವಿರಬೇಕು. 12 ಗಂಟೆ ಶಿಫ್ಟ್, ಅರ್ಧ ಗಂಟೆ ಚಾರ್ಜ್ ಒಪ್ಪಿಸಲು, ಹೋಗಿಬರಲು ಒಂದೊಂದು ಗಂಟೆ: 14 ಗಂಟೆ 30 ನಿಮಿಷ ಹೋಯಿತು. ಉಳಿದ ಒಂಬತ್ತೂವರೆಯಲ್ಲಿ ಎಂಟು ನಿದ್ದೆಗೆ ಬಿಟ್ಟರೆ ಸ್ನಾನ, ಊಟ, ಮಕ್ಕಳು ಮರಿ ಎಲ್ಲಕ್ಕೂ ಸೇರಿ ಒಂದೂವರೆ ಗಂಟೆ. ಕಾಗದದ ಮೇಲೆ ನಿಯಮ ಪಾಲನೆಯಾಯಿತು.

ಅಧಿಕಾರದ ಪ್ರಶ್ನೆ ಇದಕ್ಕಿಂತ ದೊಡ್ಡದು. ಇದಕ್ಕೆ ಗ್ಯಾಸ್ ಬಿಟ್ಟು ತೈಲದ ಲೈನಿಗೆ ಹೋಗಬೇಕು. ನಿಯಮ ಎರಡಕ್ಕೂ ಒಂದೇ ರೀತಿಯದು. 2010ರ ಜುಲೈನಲ್ಲಿ ಮಿಷಿಗನ್‌ನ ಮಾರ್ಷಲ್ ಬಳಿ ಎನ್‌ಬ್ರಿಜ್ ಕಂಪನಿಯ 30 ಇಂಚಿನ ಲೈನು ಒಡೆಯಿತು. ಕಂಟ್ರೋಲ್ ರೂಮ್ ಇದ್ದದ್ದು ಕೆನಡಾದ ಎಡ್ಮಂಟನ್‌ನಲ್ಲಿ. ಒತ್ತಡ ಬಿದ್ದದ್ದಕ್ಕೆ ಕಾರಣ ಸೋರಿಕೆಯಲ್ಲ, ಪೈಪಿನೊಳಗೆ ತೈಲದ ಸಾಲು ಕಡಿದು ಆವಿ ನಿಂತಿದೆ ಎಂದು ಅಲ್ಲಿನವರು ತೀರ್ಮಾನಿಸಿಕೊಂಡರು. ಆ ಅನುಮಾನ ಹತ್ತು ನಿಮಿಷದಲ್ಲಿ ಬಗೆಹರಿಯದಿದ್ದರೆ ಲೈನು ನಿಲ್ಲಿಸಬೇಕೆಂದು ಅವರದೇ ನಿಯಮವಿತ್ತು. ಅದನ್ನು ಮೀರಿ ಎರಡು ಸಲ ಪಂಪ್ ಚಾಲೂ ಮಾಡಿದರು. ಪತ್ತೆಯಾಗಲು 17 ಗಂಟೆ ಹಿಡಿಯಿತು. ಚೆಲ್ಲಿದ ತೈಲದಲ್ಲಿ ಶೇಕಡಾ 81ರಷ್ಟು ಹೋದದ್ದು ಆ ಎರಡು ಸಲದಲ್ಲೇ. ಸೋರಿಕೆ ಲೆಕ್ಕ ನೋಡುವ ವಿಶ್ಲೇಷಕ "ಆವಿಯದೇ ತೊಂದರೆ" ಎಂದ ಮೇಲೆ ಉಳಿದವರು ಎದುರಾಡಲಿಲ್ಲ. 2017ರಲ್ಲಿ ನಿಯಮಕ್ಕೆ ಹೊಸ ಸಾಲು ಸೇರಿತು: ಕಂಟ್ರೋಲರ್‌ನ ತಾಂತ್ರಿಕ ಕ್ರಮವನ್ನು ಬದಲಿಸುವ ಅಥವಾ ತಡೆಯುವ ಅಧಿಕಾರ ಬೇರೆ ಯಾರಿಗಾದರೂ ಇದ್ದರೆ, ಅವರು ಯಾರು ಮತ್ತು ಅವರ ಪಾತ್ರವೇನು ಎಂದು ಬರೆದಿಡಬೇಕು. ಇಡೀ ತಂಡಕ್ಕೆ ಒಟ್ಟಾಗಿ ತರಬೇತಿಯೂ ಆಗ ಕಡ್ಡಾಯವಾಯಿತು. ರಾತ್ರಿ ಎರಡು ಗಂಟೆಗೆ ಪಾಳಿಯಲ್ಲಿರುವವನನ್ನು ಪಕ್ಕಕ್ಕೆ ಕರೆದು "ಯಾರನ್ನೂ ಕೇಳದೆ ಲೈನು ನಿಲ್ಲಿಸಬಹುದೇ?" ಎಂದು ಕೇಳಿ ನೋಡಬೇಕು. ಉತ್ತರಕ್ಕೆ ಮುಂಚೆ ಮ್ಯಾನೇಜರ್ ಕಡೆ ಕಣ್ಣು ಹೊರಳಿದರೆ ಫೈಲು ತೆರೆಯುವ ಅಗತ್ಯವೇ ಇಲ್ಲ.

ಹಾಗೆಂದು ಅಧಿಕಾರ ಕಾಗದದಲ್ಲಿದ್ದರೆ ಸಾಲದು, ಕೈಗೆ ಸಿಗುವ ಸ್ವಿಚ್ಚೂ ಬೇಕು. 2018ರ ಸೆಪ್ಟೆಂಬರ್ 13ರಂದು ಮ್ಯಾಸಚೂಸೆಟ್ಸ್‌ನ ಮೆರಿಮ್ಯಾಕ್ ಕಣಿವೆಯಲ್ಲಿ ಮನೆಗಳಿಗೆ ಹೋಗುವ ಕಡಿಮೆ ಒತ್ತಡದ ಗ್ಯಾಸ್ ಲೈನಿಗೆ ಹೆಚ್ಚಿನ ಒತ್ತಡ ನುಗ್ಗಿತು. ಒಹಾಯೊದ ಕೊಲಂಬಸ್‌ನಲ್ಲಿದ್ದ ಕಂಟ್ರೋಲರ್‌ಗೆ 4:04ಕ್ಕೇ ಅಲಾರ್ಮ್ ಬಂತು. ಆದರೆ ಅವನ ಪರದೆ ನೋಡುವುದಕ್ಕೆ ಮಾತ್ರ, ಯಾವ ವಾಲ್ವೂ ಅವನ ಕೈಯಲ್ಲಿರಲಿಲ್ಲ. ಸ್ಥಳೀಯ ಸಿಬ್ಬಂದಿಗೆ ಫೋನ್ ಮಾಡುವುದಷ್ಟೇ ಅವನಿಗುಳಿದ ದಾರಿ.

ಇಲ್ಲಿಗೆ ನಿಯಂತ್ರಕರ ಸರದಿ. ರಾಜ್ಯಗಳ ಗಡಿ ದಾಟುವ ಲೈನುಗಳನ್ನು ಫಿಮ್ಸಾ ನೋಡುತ್ತದೆ. ಒಂದೇ ರಾಜ್ಯದೊಳಗಿನವನ್ನು ಬಹುಮಟ್ಟಿಗೆ ಆಯಾ ರಾಜ್ಯದ ಆಯೋಗ. ಸ್ಯಾನ್ ಬ್ರೂನೊ ಲೈನು ಕ್ಯಾಲಿಫೋರ್ನಿಯಾ ಆಯೋಗದ ಪಾಲಿನದು. ಎನ್‌ಟಿಎಸ್‌ಬಿ ಆ ಆಯೋಗವನ್ನೂ ಫಿಮ್ಸಾವನ್ನೂ ಇಬ್ಬರನ್ನೂ ತರಾಟೆಗೆ ತೆಗೆದುಕೊಂಡಿತು. 2015ರಲ್ಲಿ ಅದೇ ಆಯೋಗ ಕಂಪನಿಗೆ 160 ಕೋಟಿ ಡಾಲರ್ ದಂಡ ಹಾಕಿತು. ಆದರೆ ಇಂಥ ದಂಡ ಸಾವಿನ ನಂತರದ್ದು. ಸಾವಿಗೆ ಮುಂಚೆ ತಪಾಸಣೆಯಲ್ಲಿ ಕಾರ್ಯವಿಧಾನ ಸಾಲದೆಂದು ಕಂಡರೆ ಫಿಮ್ಸಾ ಕಳಿಸುವುದು ತಿದ್ದುಪಡಿಯ ನೋಟಿಸ್. ಅದರಲ್ಲಿ ದಂಡವಿಲ್ಲ, ತಿದ್ದಿ ಬರೆಯಿರಿ ಎಂಬ ಸೂಚನೆಯಿದೆ. ಜೊತೆಗೆ ವಿನಾಯಿತಿಗಳು: ಎರಡೂವರೆ ಲಕ್ಷಕ್ಕಿಂತ ಕಡಿಮೆ ಸಂಪರ್ಕವಿರುವ ವಿತರಣಾ ಕಂಪನಿಗೆ, ಕಂಪ್ರೆಸರ್ ಸ್ಟೇಷನ್ ಇಲ್ಲದ ಸಾಗಣೆ ಲೈನಿಗೆ, ಆಯಾಸದ ನಿಯಮ ಮತ್ತು ದಾಖಲೆ ತೋರಿಸುವ ಹೊಣೆ ಬಿಟ್ಟರೆ ಕಂಟ್ರೋಲ್ ರೂಮ್ ನಿಯಮದ ಉಳಿದ ಭಾಗ ಅನ್ವಯಿಸುವುದಿಲ್ಲ. 2022ರ ವಾಲ್ವ್ ನಿಯಮ, ಪೈಪು ಒಡೆದದ್ದು ಖಚಿತವಾದ 30 ನಿಮಿಷದೊಳಗೆ ವಾಲ್ವ್ ಮುಚ್ಚಬೇಕು ಎನ್ನುತ್ತದೆ. ಒಳ್ಳೆಯದೇ. ಆದರೆ ಆ ವಾಲ್ವ್ ಕೂರಿಸಬೇಕಾದದ್ದು 6 ಇಂಚು ಮತ್ತು ಮೇಲಿನ ಹೊಸ ಅಥವಾ ಪೂರ್ತಿ ಬದಲಿಸಿದ ಲೈನುಗಳಿಗೆ. 1956ರ ಪೈಪುಗಳು ಇದ್ದ ಹಾಗೇ ಇವೆ.

ತುಮಕೂರಿಗೆ ಬಂದರೆ: ದಾಭೋಲ್-ಬೆಂಗಳೂರು ಲೈನಿನ ಮೇಲೆ ತಾಂತ್ರಿಕ ಮತ್ತು ಸುರಕ್ಷತಾ ನಿಗಾ ಪಿಎನ್‌ಜಿಆರ್‌ಬಿಯದು (ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ). ಅದು 2009ರಲ್ಲಿ ನೈಸರ್ಗಿಕ ಅನಿಲ ಪೈಪ್‌ಲೈನ್‌ಗಳ ಸುರಕ್ಷತಾ ಮಾನದಂಡ, 2010ರಲ್ಲಿ ತುರ್ತುಸ್ಥಿತಿ ನಿರ್ವಹಣೆಯ ನಿಯಮ ಹೊರಡಿಸಿದೆ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುವ ಯೋಚನೆಯಿದೆ ಎಂದು ಬರೆದಿದ್ದೀರಿ. 'ಸುರಕ್ಷತೆ ಹೇಗಿದೆ' ಎಂದು ಕೇಳಿದರೆ 'ತೃಪ್ತಿಕರವಾಗಿದೆ' ಎಂಬ ಒಂದು ಸಾಲು ಬರುತ್ತದೆ. ಕಳೆದ ಅಣಕು ಕಾರ್ಯಾಚರಣೆ ನಡೆದ ತಾರೀಖು, ಅದರಲ್ಲಿ ವಾಲ್ವ್ ಮುಚ್ಚಲು ಹಿಡಿದ ನಿಮಿಷಗಳು, ತಪಾಸಣಾ ವರದಿಯಲ್ಲಿ ಬಾಕಿ ಉಳಿದ ಅಂಶಗಳ ಸಂಖ್ಯೆ ಇವನ್ನು ಕೇಳಿ.

ಒಂದು ಮಾತು ನಿಮ್ಮ ತೋಟದವರಿಗೂ ತಿಳಿಸಿ. ಅಡುಗೆ ಗ್ಯಾಸಿನ ವಾಸನೆ ಬೆರೆಸಿದ ವಾಸನೆ. ನಗರ ವಿತರಣೆಗೆ ಬರುವಲ್ಲಿ ಅದನ್ನು ಸೇರಿಸುತ್ತಾರೆ. ದೂರದ ಸಾಗಣೆ ಲೈನಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ ಸೋರಿಕೆ ಗೊತ್ತಾಗುವುದು ಬುಸ್ಸೆನ್ನುವ ಸದ್ದಿನಿಂದ, ಗಾಳಿಯಿಲ್ಲದಿದ್ದರೂ ಒಂದೇ ಕಡೆ ಏಳುವ ಧೂಳಿನಿಂದ, ನಿಂತ ನೀರಿನಲ್ಲಿ ಏಳುವ ಗುಳ್ಳೆಯಿಂದ, ಹಸಿರಿನ ನಡುವೆ ಪಟ್ಟೆಯಾಗಿ ಒಣಗಿದ ಹುಲ್ಲಿನಿಂದ. ಹಾಗೆ ಕಂಡರೆ ಬೀಡಿ, ಪಂಪ್‌ಸೆಟ್ ಸ್ವಿಚ್, ಟ್ರ್ಯಾಕ್ಟರ್ ಯಾವುದನ್ನೂ ಮುಟ್ಟದೆ ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ದೂರ ನಡೆದು, ಆಮೇಲೆ ಲೈನಿನ ಗುರುತು ಕಂಬದ ಮೇಲಿರುವ ಸಂಖ್ಯೆಗೆ ಫೋನ್ ಮಾಡಬೇಕು. ಕಂಬದ ಸಂಖ್ಯೆಯನ್ನು ಈಗಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು, ಬಿಸಿಲಿಗೆ ಬಣ್ಣ ಬೇಗ ಮಾಸುತ್ತದೆ.

ಕೊನೆಗೆ ತಿದ್ದುಪಡಿ: ಕಳೆದ ಲೇಖನದಲ್ಲಿ ಸ್ಯಾನ್ ಬ್ರೂನೊ ಪೈಪಿನ ವ್ಯಾಸ 20 ಇಂಚು ಎಂದು ಅಚ್ಚಾಗಿದೆ. 30 ಇಂಚು ಎಂದು ಓದಿಕೊಳ್ಳಬೇಕು. ಅದನ್ನು ಗಮನಿಸಿದ್ದೂ ನೀವೊಬ್ಬರೇ.

– ಸಂಪಾದಕ