ಕಟೌಟ್ ಕಟ್ಟುವ ಮಗನಿಗೆ ಏನು ಹೇಳಲಿ?

ಪ್ರಶ್ನೆ: ನನ್ನ ಮಗ ಡಿಗ್ರಿ ಓದುತ್ತಿದ್ದಾನೆ. ಯಾವಾಗ ನೋಡಿದರೂ ಒಬ್ಬ ನಟನ ಅಭಿಮಾನಿ ಸಂಘದ ಜೊತೆ ಓಡಾಟ. ಸಿನಿಮಾ ಬಂದರೆ ಹಾಲಿನ ಅಭಿಷೇಕ, ಹುಟ್ಟುಹಬ್ಬ ಬಂದರೆ ಕಟೌಟ್. ದುಡ್ಡು ತಗೊಂಡು ನಟಿಸುವವರಿಗೆ ಇಷ್ಟೊಂದು ಗೌರವ ಬೇಕಾ? ಸೈನಿಕರಿಗೆ, ಡಾಕ್ಟರಿಗೆ, ಮೇಷ್ಟ್ರಿಗೆ ಸಿಗದ್ದು ಇವರಿಗೆ ಯಾಕೆ?
- ಒಬ್ಬ ತಂದೆ, ತುಮಕೂರು

ಉತ್ತರ: ದುಡ್ಡು ತಗೊಳ್ಳುತ್ತಾರೆ ಅನ್ನೋದು ನನಗೆ ದೊಡ್ಡ ತಕರಾರು ಅನ್ನಿಸುವುದಿಲ್ಲ. ಡಾಕ್ಟರೂ ಮೇಷ್ಟ್ರೂ ಸಂಬಳಕ್ಕೇ ದುಡಿಯುತ್ತಾರೆ ಅಲ್ವಾ? ರಾಜ್‌ಕುಮಾರ್ 1954ರಲ್ಲಿ ನಾಯಕನಾಗಿ ತೆರೆಗೆ ಬಂದರು, ಆದರೆ ಅದಕ್ಕೂ ಮೊದಲು ಚಿಕ್ಕ ಹುಡುಗನಾಗಿದ್ದಾಗಿನಿಂದ ನಾಟಕ ಕಂಪನಿಗಳಲ್ಲಿ ಪಳಗಿದ್ದರು. ಸುಮ್ನೆ ಬಂದ ಹೆಸರಲ್ಲ ಅದು. ಆ ಶ್ರಮಕ್ಕೆ ಚಪ್ಪಾಳೆ ಸಿಗಲೇಬೇಕು.

ನಿಮ್ಮ ಎರಡನೇ ಮಾತಿಗೆ ಬರುತ್ತೇನೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರಿಗೆ ಬರೀ 46 ವರ್ಷ. ಮನೆಯವರು ಆ ದುಃಖದಲ್ಲೂ ಕಣ್ಣು ದಾನ ಮಾಡಿದರು. 2006ರಲ್ಲಿ ತಂದೆಯ ಕಣ್ಣುಗಳೂ ಹೀಗೇ ದಾನವಾಗಿದ್ದವು. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾಕ್ಟರುಗಳು ಪುನೀತ್ ಅವರ ಒಂದೊಂದು ಕಾರ್ನಿಯಾವನ್ನೂ (ಕಣ್ಣಿನ ಮುಂದಿರುವ ಪಾರದರ್ಶಕ ಭಾಗ) ಮುಂದಿನ ಪದರ, ಹಿಂದಿನ ಪದರ ಅಂತ ಬಿಡಿಸಿ, ಎರಡು ಕಣ್ಣಿನಿಂದ ನಾಲ್ಕು ಜನರಿಗೆ ದೃಷ್ಟಿ ಕೊಟ್ಟರು. ಆಮೇಲೆ ರಾಜ್ಯದ ಮೂಲೆ ಮೂಲೆಯಲ್ಲಿ ಜನ ನೇತ್ರದಾನಕ್ಕೆ ಹೆಸರು ಬರೆಸಿದರು. ಸತ್ತ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು, ಕನ್ನಡಕ ಹಾಕುವವರೂ ಕೊಡಬಹುದು ಅಂತ ಡಾಕ್ಟರುಗಳು ಎಷ್ಟೋ ವರ್ಷದಿಂದ ಹೇಳುತ್ತಲೇ ಇದ್ದರು. ಆ ಮಾತು ಮನೆಮನೆಗೆ ಹೋಗಿದ್ದು ಅಪ್ಪು ಮೇಲಿನ ಪ್ರೀತಿಯಿಂದ. ಇಲ್ಲಿ ಡಾಕ್ಟರಿಗೆ ಸಿಗಬೇಕಾದ ಗೌರವವನ್ನು ನಟ ಕಿತ್ತುಕೊಳ್ಳಲಿಲ್ಲ, ಅವರ ಕೆಲಸಕ್ಕೆ ಜನರನ್ನು ಕರೆತಂದರು. ನಟರ ಮೇಲಿನ ಅಭಿಮಾನ ವ್ಯರ್ಥ ಅಂತ ಯಾರಾದರೂ ಹೇಳಿದರೆ ನಾನು ಒಪ್ಪದೇ ಇರುವುದು ಇದೇ ಕಾರಣಕ್ಕೆ.

ಆದರೆ ನಿಮ್ಮ ಆತಂಕ ಸುಳ್ಳಲ್ಲ. 2024ರ ಜನವರಿಯಲ್ಲಿ ಯಶ್ ಹುಟ್ಟುಹಬ್ಬಕ್ಕೆ ಅಂತ ಗದಗ ಜಿಲ್ಲೆಯ ಸೂರಣಗಿಯಲ್ಲಿ ರಾತ್ರಿ ಹೊತ್ತು ಕಟೌಟ್ ನಿಲ್ಲಿಸುತ್ತಿದ್ದ ಹುಡುಗರಿಗೆ ಕರೆಂಟ್ ಹೊಡೆದು ಮೂವರು ಸತ್ತರು. ಯಶ್ ಆ ಊರಿಗೇ ಹೋಗಿ ಮನೆಯವರನ್ನು ಕಂಡರು, ಅಭಿಮಾನವನ್ನು ಹೀಗೆ ತೋರಿಸಬೇಡಿ ಅಂತ ಕೇಳಿಕೊಂಡರು. ನಟ ಬಂದರು, ಪರಿಹಾರವೂ ಸಿಕ್ಕಿತು ಅಂದುಕೊಳ್ಳಿ, ಆ ತಾಯಂದಿರಿಗೆ ಮಕ್ಕಳು ವಾಪಸ್ ಬರುತ್ತಾರಾ? ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಹಾಗಾಗಿ ಮಗನಿಗೆ "ಆ ನಟನನ್ನು ಮೆಚ್ಚಬೇಡ" ಅನ್ನಬೇಡಿ, ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಅವನಲ್ಲಿ ಏನು ಇಷ್ಟ ಅಂತ ಕೂತು ಕೇಳಿ. ನಟನೆ ಇಷ್ಟ ಅಂದರೆ ಒಂದು ಸಿನಿಮಾ ಜೊತೆಗೆ ನೋಡಿ. ಪರದೆ ಮೇಲೆ ಒಳ್ಳೆಯವನಾಗಿ ಕಾಣುವವನು ಹೊರಗೂ ಹಾಗೇ ಇರಬೇಕೆಂದಿಲ್ಲ, ತಪ್ಪು ಮಾಡಿದ ದಿನ ನಟನ ಪರವಾಗಿ ಬೀದಿಗಿಳಿಯಬೇಡ ಅನ್ನೋದನ್ನೂ ಹೇಳಿ. ಸಂಘದವರು ರಕ್ತದಾನ ಶಿಬಿರ ಇಟ್ಟುಕೊಂಡರೆ ನೀವೂ ಹೋಗಿ. ಕಟೌಟ್ ನಿಲ್ಲಿಸೋಕೆ ರಾತ್ರಿ ಹೊರಟರೆ ಮಾತ್ರ ಬಾಗಿಲಲ್ಲೇ ತಡೆಯಿರಿ, ಜಗಳವಾದರೂ ಪರವಾಗಿಲ್ಲ.